ಲಿಂಕನ್ ಬರೆಯದ ಪತ್ರ

ನಮ್ಮ ಅರಕೇರಾದ ಒಂದು ಶಾಲೆಯ ಗೋಡೆಯ ಮೇಲೆ ಅಬ್ರಹಾಂ ಲಿಂಕನ್ನರ ಪತ್ರವೊಂದಿದೆ. ತನ್ನ ಮಗನಿಗೆ ಏನೇನು ಕಲಿಸಬೇಕೆಂದು ಅಮೆರಿಕದ ಆ ಅಧ್ಯಕ್ಷ ಮಗನ ಶಿಕ್ಷಕರಿಗೆ ಬರೆದದ್ದು ಎಂದು ಅದರ ಕೆಳಗೆ ಹೆಸರಿದೆ. ನೀವೂ ಎಲ್ಲೋ ಓದಿರುತ್ತೀರಿ. ಕರ್ನಾಟಕದ ಯಾವ ಊರಿಗೆ ಹೋದರೂ ಶಾಲೆಯ ಗೋಡೆಯಲ್ಲೋ, ಸ್ಮರಣ ಸಂಚಿಕೆಯಲ್ಲೋ, ಶಿಕ್ಷಕರ ದಿನಾಚರಣೆಯ ಭಾಷಣದಲ್ಲೋ ಅದು ಎದುರಾಗುತ್ತದೆ. ನಮ್ಮೂರಿನ ಗೋಡೆಯ ಮೇಲೆ ಅದನ್ನು ಬರೆದವರು ನನ್ನ ಕನ್ನಡ ಮಾಸ್ತರು. ನಾನು ಉರ್ದು ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿ ಕನ್ನಡ ಹೈಸ್ಕೂಲಿಗೆ ಬಂದ ವರ್ಷವದು. ಮಾಸ್ತರು ಏಣಿ ಹತ್ತಿ ನಿಂತಿದ್ದರು, ನೀಲಿ ಬಣ್ಣದ ಡಬ್ಬಿ ಹಿಡಿದುಕೊಂಡು ನಾನು ಕೆಳಗೆ ನಿಂತಿದ್ದೆ. ಅವರು ಒಂದೊಂದು ಸಾಲು ಬರೆದಾಗಲೂ ನನ್ನಿಂದ ಗಟ್ಟಿಯಾಗಿ ಓದಿಸುತ್ತಿದ್ದರು. ಕನ್ನಡದ ಒತ್ತಕ್ಷರಗಳು ನನಗೆ ಸರಿಯಾಗಿ ಕೂಡಿದ್ದು ಆ ಗೋಡೆಯ ಎದುರಿಗೇ.

ಈಚೆಗೆ ಸೆಪ್ಟೆಂಬರ್ 5ರ ಕಾರ್ಯಕ್ರಮದಲ್ಲಿ ಅದೇ ಪತ್ರವನ್ನು ಓದುವ ಕೆಲಸ ನನ್ನ ಮಗಳಿಗೆ ಬಂತು. ಅವಳು ಹತ್ತನೆಯ ತರಗತಿ. ಎರಡು ದಿನ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದಳು. ಮೂರನೆಯ ದಿನ ಫೋನು ಹಿಡಿದುಕೊಂಡು ಬಂದು, "ಅಬ್ಬಾ, ಇದನ್ನ ಲಿಂಕನ್ ಬರೆದೇ ಇಲ್ಲಂತ. ನಾನು ಓದಲೋ ಬೇಡವೋ?" ಎಂದು ಕೇಳಿದಳು.

ಮಗಳು ಹೇಳಿದ್ದು ನಿಜ. ಲಿಂಕನ್ನರ ಪತ್ರ, ಭಾಷಣ, ಚೀಟಿಗಳನ್ನೆಲ್ಲ ಹುಡುಕಿ ಕೂಡಿಸಿದ ಸಮಗ್ರ ಬರಹಗಳು 1950ರ ದಶಕದಲ್ಲಿ ಎಂಟು ಸಂಪುಟಗಳಲ್ಲಿ ಅಚ್ಚಾದವು. ಅವುಗಳಲ್ಲಿ ಈ ಪತ್ರವಿಲ್ಲ. ಇದರ ಮೂಲ ಪ್ರತಿಯನ್ನು ಕಂಡವರಿಲ್ಲ. ಇದರ ಮಾತಿನ ಧಾಟಿಯೂ ಲಿಂಕನ್ನರ ಕಾಲದ್ದಲ್ಲ. ತನ್ನ ಶಾಲೆಯ ದಿನಗಳನ್ನೆಲ್ಲ ಕೂಡಿಸಿದರೂ ಒಂದು ವರ್ಷವಾಗಲಾರದು ಎಂದು ಸ್ವತಃ ಹೇಳಿಕೊಂಡಿದ್ದ ಮನುಷ್ಯನ ಹೆಸರಿನಲ್ಲಿ, ಜಗತ್ತಿನ ಶಾಲೆಗಳ ಗೋಡೆಗಳ ಮೇಲೆಲ್ಲ, ಅವನು ಬರೆಯದ ಪತ್ರವೊಂದು ತೂಗುತ್ತಿದೆ.

ಓದಲೋ ಬೇಡವೋ ಎಂಬ ಅವಳ ಪ್ರಶ್ನೆಗೆ ನಾನು ತಕ್ಷಣ ಉತ್ತರ ಕೊಡಲಾಗಲಿಲ್ಲ. ಒಳ್ಳೆಯದನ್ನು ಕಲಿಸುವ ಸುಳ್ಳನ್ನು ಏನು ಮಾಡಬೇಕು? ಇದು ಪುಸ್ತಕದ ಪ್ರಶ್ನೆಯಂತೆ ಕಂಡರೂ ನನ್ನ ಪಾಲಿಗೆ ಹಾಗಿರಲಿಲ್ಲ. ಏಕೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಅಮೆರಿಕದ ಅಧ್ಯಕ್ಷರು ನಮ್ಮಂಥ ಊರುಗಳಿಗೆ ರಾಜಕೀಯದ ದಾರಿಯಿಂದ ಬಂದವರಲ್ಲ. ಅವರು ಬಂದದ್ದು ವಾರಪತ್ರಿಕೆಗಳ ಪುಟದ ಮೂಲೆಯಿಂದ. ಲೇಖನ ಮುಗಿದು ಜಾಗ ಉಳಿದರೆ ಅಲ್ಲೊಂದು ಚೌಕಟ್ಟು, ಅದರೊಳಗೆ 'ನಿಮಗಿದು ಗೊತ್ತೇ?' ಎಂಬ ಶೀರ್ಷಿಕೆ. ನಾನು ಅಂಥವನ್ನು ಕತ್ತರಿಸಿ ನೋಟುಬುಕ್ಕಿಗೆ ಅಂಟಿಸುತ್ತಿದ್ದೆ. ಕಿರಾಣಿ ಅಂಗಡಿಯಲ್ಲಿ ಬೆಲ್ಲ ಕಟ್ಟಿಕೊಟ್ಟ ಕಾಗದವನ್ನೂ ಬಿಡುತ್ತಿರಲಿಲ್ಲ. ಎರಡನೆಯ ಅಧ್ಯಕ್ಷ ಜಾನ್ ಆಡಮ್ಸ್ ಮತ್ತು ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್ ಇಬ್ಬರೂ ಒಂದೇ ದಿನ ತೀರಿಕೊಂಡರು. ಅದೂ 1826ರ ಜುಲೈ 4ರಂದು, ಆ ದೇಶದ ಸ್ವಾತಂತ್ರ್ಯ ಘೋಷಣೆಗೆ ಸರಿಯಾಗಿ ಐವತ್ತು ವರ್ಷ ತುಂಬಿದ ದಿನ. ಐದನೆಯ ಅಧ್ಯಕ್ಷ ಮನ್ರೋ ಸತ್ತದ್ದೂ ಜುಲೈ 4ರಂದೇ, 1831ರಲ್ಲಿ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ. ದೇವರು ಕ್ಯಾಲೆಂಡರ್ ನೋಡಿಕೊಂಡು ಕೆಲಸ ಮಾಡುತ್ತಾನೆಯೇ ಎಂದು ಯೋಚಿಸಿದ್ದೆ.

ಇದು ಪೂರ್ತಿ ನಿಜ. ಆದರೆ ನನ್ನ ನೋಟುಬುಕ್ಕಿನಲ್ಲಿ ನಿಜ ಮತ್ತು ಸುಳ್ಳು ಒಂದೇ ಗೋಂದಿನಲ್ಲಿ ಅಂಟಿಕೊಂಡಿದ್ದವು. ಲಿಂಕನ್ ಮತ್ತು ಕೆನಡಿಯ ನಡುವಿನ ಹೋಲಿಕೆಗಳ ಪಟ್ಟಿ ನಿಮಗೆ ನೆನಪಿರಬಹುದು. ಒಬ್ಬರು 1860ರಲ್ಲಿ ಆಯ್ಕೆಯಾದರು, ಇನ್ನೊಬ್ಬರು 1960ರಲ್ಲಿ. ಇಬ್ಬರಿಗೂ ಶುಕ್ರವಾರ, ಹೆಂಡತಿ ಪಕ್ಕದಲ್ಲಿರುವಾಗಲೇ ಗುಂಡು ತಗುಲಿತು. ಇಬ್ಬರ ನಂತರವೂ ಅಧ್ಯಕ್ಷರಾದವರ ಹೆಸರು ಜಾನ್ಸನ್, ಒಬ್ಬರು ಹುಟ್ಟಿದ್ದು 1808ರಲ್ಲಿ, ಇನ್ನೊಬ್ಬರು 1908ರಲ್ಲಿ. ಇಷ್ಟೂ ಸರಿ. ಅದರ ಬೆನ್ನಿಗೇ, 'ಕೆನಡಿಯ ಕಾರ್ಯದರ್ಶಿಯ ಹೆಸರು ಲಿಂಕನ್, ಲಿಂಕನ್ನರ ಕಾರ್ಯದರ್ಶಿಯ ಹೆಸರು ಕೆನಡಿ' ಎಂದಿರುತ್ತದೆ. ಕೆನಡಿಗೆ ಎವೆಲಿನ್ ಲಿಂಕನ್ ಎಂಬ ಕಾರ್ಯದರ್ಶಿ ಇದ್ದದ್ದು ನಿಜ. ಆದರೆ ಲಿಂಕನ್ನರ ಕಾರ್ಯದರ್ಶಿಗಳು ನಿಕೊಲೆ ಮತ್ತು ಜಾನ್ ಹೇ. ನಾಲ್ಕು ನಿಜಗಳ ಬೆಚ್ಚನೆಯ ಕಂಬಳಿಯೊಳಗೆ ಒಂದು ಸುಳ್ಳನ್ನು ಮಲಗಿಸಿದರೆ ಅದೂ ಮನೆಯ ಮಗುವಿನಂತೆಯೇ ಕಾಣುತ್ತದೆ.

ಜಾರ್ಜ್ ವಾಷಿಂಗ್ಟನ್ನರ ಚೆರ್ರಿ ಮರದ ಕಥೆಯಂತೂ ನನಗೆ ಎರಡು ಭಾಷೆಗಳಲ್ಲಿ ಸಿಕ್ಕಿತ್ತು. ಉರ್ದು ಶಾಲೆಯ ಉಸ್ತಾದರೂ ಹೇಳಿದ್ದರು, ಕನ್ನಡ ಶಾಲೆಯ ಮಾಸ್ತರೂ ಹೇಳಿದ್ದರು. ಹುಡುಗ ವಾಷಿಂಗ್ಟನ್ ತಂದೆಯ ಪ್ರೀತಿಯ ಮರಕ್ಕೆ ಕೊಡಲಿ ಹಾಕುತ್ತಾನೆ. ತಂದೆ ಕೇಳಿದಾಗ ಸುಳ್ಳು ಹೇಳದೆ ಒಪ್ಪಿಕೊಳ್ಳುತ್ತಾನೆ. ಈ ಕಥೆಯನ್ನು ಕಟ್ಟಿದವನು ಮೇಸನ್ ವೀಮ್ಸ್ ಎಂಬ ಪಾದ್ರಿ. ವಾಷಿಂಗ್ಟನ್ ತೀರಿಕೊಂಡದ್ದು 1799ರಲ್ಲಿ. ವೀಮ್ಸ್ ಬರೆದ ಜೀವನಚರಿತ್ರೆಯ ಐದನೆಯ ಮುದ್ರಣದಲ್ಲಿ, ಅಂದರೆ 1806ರಲ್ಲಿ, ಈ ಮರ ಮೊದಲ ಬಾರಿಗೆ ಚಿಗುರಿತು. ಹಿಂದಿನ ಮುದ್ರಣಗಳಲ್ಲಿ ಅದು ಇರಲಿಲ್ಲ. ಮಕ್ಕಳಿಗೆ ಸುಳ್ಳು ಹೇಳಬೇಡಿರೆಂದು ಕಲಿಸಲು ಒಬ್ಬ ಧರ್ಮಬೋಧಕ ಒಂದು ಸುಳ್ಳನ್ನೇ ಹೇಳಬೇಕಾಯಿತು. ಇನ್ನೂರು ವರ್ಷಗಳ ಕಾಲ ಜಗತ್ತಿನ ಶಿಕ್ಷಕರು, ನನ್ನ ಉಸ್ತಾದರೂ ಸೇರಿ, ಅದನ್ನು ಪ್ರಾಮಾಣಿಕವಾಗಿ ದಾಟಿಸುತ್ತ ಬಂದರು.

ಮಗಳ ಪ್ರಶ್ನೆಯನ್ನು ಹೊತ್ತು ನಾನು ಮಾಸ್ತರ ಮನೆಗೆ ಹೋದೆ. ಅವರು ನಿವೃತ್ತರಾಗಿ ವರ್ಷಗಳಾಗಿವೆ. ಕಟ್ಟೆಯ ಮೇಲೆ ಕುಳಿತು ಸುಸಲಾ ತಿನ್ನುತ್ತಿದ್ದರು. ನನಗೂ ಒಂದು ತಟ್ಟೆ ಬಂತು. ವಿಷಯ ಹೇಳಲು ನಾಲಿಗೆ ಏಳಲಿಲ್ಲ. ಅವರು ಏಣಿಯ ಮೇಲೆ ನಿಂತು ಬರೆದದ್ದನ್ನು ಸುಳ್ಳು ಎನ್ನಬೇಕಿತ್ತು. ಹೇಗೋ ಹೇಳಿದೆ.

ಮಾಸ್ತರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರದದ್ದು ಯಾರಾದ್ರ ಏನಪಾ, ಮಾತು ಖರೇ ಅದಾವೋ ಇಲ್ಲೋ?" ಎಂದರು.

"ಮಾತು ಖರೇ ಅದಾವ್ರಿ ಸರ್."

"ಮತ್ತ? ಸಾವಿರ ಸುಳ್ಳು ಹೇಳಿ ಒಂದು ಮದುವಿ ಮಾಡು ಅಂತಾರ. ಇದರಾಗ ಒಂದ ಸುಳ್ಳು. ಎಷ್ಟ್ ಮಂದಿ ಹುಡುಗ್ರು ಇದನ್ನ ಓದಿ ಛಲೋ ಆದ್ರು. ನೀನೂ ಅದರಾಗ ಒಬ್ಬ."

ಅವರ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಅದರಲ್ಲೂ ನನ್ನಂಥ ಕಥೆಗಾರನಿಗೆ. ಇಪ್ಪತ್ತು ವರ್ಷಗಳಿಂದ ನಾನು ಮಾಡುತ್ತ ಬಂದಿರುವ ಕೆಲಸವೇ ಇಲ್ಲದ ಮನುಷ್ಯರನ್ನು ಇದ್ದಾರೆಂದು ಹೇಳುವುದು. ನಡೆಯದ ಸಾವಿಗೆ ಓದುಗರು ಕಣ್ಣೀರು ಹಾಕಿದಾಗ ಒಳಗೊಳಗೇ ಖುಷಿಪಟ್ಟವನು ನಾನು. ಅಂಥವನು ಲಿಂಕನ್ನರ ಪತ್ರಕ್ಕೆ ಸಾಕ್ಷಿ ಕೇಳುವುದು ಹಾಸ್ಯಾಸ್ಪದವಲ್ಲವೇ?

ಯೋಚಿಸಿದಾಗ ಒಂದು ವ್ಯತ್ಯಾಸ ಕಂಡಿತು. ಕಥೆ ತನ್ನ ಹಣೆಯ ಮೇಲೆ 'ಕಥೆ' ಎಂದು ಬರೆದುಕೊಂಡೇ ಮನೆಯೊಳಗೆ ಬರುತ್ತದೆ. ಬಾಗಿಲು ತೆರೆದವರಿಗೆ ಬಂದವರು ಯಾರೆಂದು ಗೊತ್ತಿರುತ್ತದೆ. ಲಿಂಕನ್ನರ ಪತ್ರ ಹಾಗಲ್ಲ. ಅದು ಸತ್ತ ಮನುಷ್ಯನೊಬ್ಬನ ಸಹಿ ಹಾಕಿಕೊಂಡು ಬರುತ್ತದೆ. ಮಾತಿನ ಬಲದಿಂದ ನಮ್ಮನ್ನು ಒಪ್ಪಿಸದೆ ದೊಡ್ಡ ಹೆಸರಿನ ಬಲದಿಂದ ಒಪ್ಪಿಸುತ್ತದೆ. ಕಲಿಯುವ ಮಗುವಿಗೆ ಅದು ಗೊತ್ತಿಲ್ಲದೆಯೇ ಇನ್ನೊಂದು ಪಾಠವನ್ನೂ ಹೇಳಿಕೊಡುತ್ತದೆ: ಮಾತು ಒಳ್ಳೆಯದಿದ್ದರೆ ಸಹಿ ಯಾರದೆಂದು ಕೇಳಬೇಡ. ಇವತ್ತು ನಮ್ಮ ಊರುಗಳನ್ನು ಸುಡುತ್ತಿರುವ ಬೆಂಕಿಯಲ್ಲಿ ಈ ಪಾಠದ ಪಾಲು ಎಷ್ಟಿದೆಯೆಂದು ಓದುಗರೇ ಯೋಚಿಸಬೇಕು.

ಇನ್ನೊಂದು ಅಪಾಯವೂ ಇದೆ. ಚೆಂದದ ಸುಳ್ಳು ಖಾಲಿ ಜಾಗದಲ್ಲಿ ಕುಳಿತುಕೊಳ್ಳುವುದಿಲ್ಲ. ಅದು ಒಂದು ನಿಜದ ಮೇಲೆಯೇ ಕುಳಿತುಕೊಳ್ಳುತ್ತದೆ. ವಾಷಿಂಗ್ಟನ್ನರಿಗೆ ಮರದ ಹಲ್ಲುಗಳಿದ್ದವು ಎಂಬುದು ನನ್ನ ನೋಟುಬುಕ್ಕಿನ ಇನ್ನೊಂದು ಚೌಕಟ್ಟು. ಅವರು 1789ರಲ್ಲಿ ಅಧ್ಯಕ್ಷರಾಗುವ ಹೊತ್ತಿಗೆ ಬಾಯಲ್ಲಿ ಒಂದೇ ಒಂದು ಸ್ವಂತ ಹಲ್ಲು ಉಳಿದಿತ್ತು. ಅವರ ಕಟ್ಟುಹಲ್ಲುಗಳು ಉಳಿದುಬಂದಿವೆ, ಪರೀಕ್ಷೆಯೂ ಆಗಿದೆ. ಅವುಗಳಲ್ಲಿ ಮರವಿಲ್ಲ. ದಂತ, ಲೋಹ, ಪ್ರಾಣಿಗಳ ಹಲ್ಲು ಮತ್ತು ಮನುಷ್ಯರ ಹಲ್ಲುಗಳಿವೆ. ಅವರ ಎಸ್ಟೇಟಿನ 1784ರ ಲೆಕ್ಕದ ಪುಸ್ತಕದಲ್ಲಿ, ಒಂಬತ್ತು ಹಲ್ಲುಗಳಿಗಾಗಿ ಕರಿಯ ಜನರಿಗೆ ಹಣ ಕೊಟ್ಟ ನಮೂದು ಇದೆ. ಆ ಹಲ್ಲುಗಳೇ ವಾಷಿಂಗ್ಟನ್ನರ ಬಾಯಿಗೆ ಸೇರಿದವೆಂದು ಲೆಕ್ಕ ಹೇಳುವುದಿಲ್ಲ. ಆದರೆ ಆ ಮನೆಯ ಗುಲಾಮರ ಬಾಯಿಯಿಂದ ಹಲ್ಲುಗಳು ಹೊರಬಂದವು, ಅವಕ್ಕೆ ಬೆಲೆ ಕಟ್ಟಲಾಯಿತು ಎಂಬುದಂತೂ ಅದರಿಂದ ತಿಳಿಯುತ್ತದೆ. ಗುಲಾಮನಾದವನು ಆ ಬೆಲೆಗೆ ಒಲ್ಲೆನೆನ್ನಬಹುದಿತ್ತೇ?

ಮರದ ಹಲ್ಲು ಎಂದಾಗ ನಾವು ನಗುತ್ತೇವೆ. ಪಾಪ, ಇಷ್ಟು ದೊಡ್ಡ ಮನುಷ್ಯನಿಗೂ ನಮ್ಮ ಅಜ್ಜನ ಗತಿಯೇ ಬಂತಲ್ಲ ಎಂದುಕೊಂಡು ಪುಟ ತಿರುಗಿಸುತ್ತೇವೆ. ಯಾರಿಗೂ ಕೇಡು ಬಯಸದ ಪುಟ್ಟ ಸುಳ್ಳದು. ಆದರೆ ಆ ನಗೆಯ ಕೆಳಗೆ ಒಂಬತ್ತು ಹಲ್ಲುಗಳು ಹೂತುಹೋಗಿದ್ದವು.

ಹಾಗಾದರೆ ನಿಜವಾದ ಸ್ವಾರಸ್ಯಗಳನ್ನಷ್ಟೇ ಹೇಳಿದರೆ ಸಾಕೇ? ಅಲ್ಲಿಯೂ ಎಚ್ಚರ ಬೇಕು. ಮುಸ್ಲಿಂ ಓದುಗರಿಗೆ ಇಷ್ಟವಾಗುವ ಒಂದು ಪ್ರಸಂಗವಿದೆ. 1805ರ ಡಿಸೆಂಬರ್ 9ರಂದು ಅಧ್ಯಕ್ಷ ಜೆಫರ್ಸನ್ ಟ್ಯುನಿಸಿಯದ ರಾಯಭಾರಿ ಸಿದಿ ಸುಲೈಮಾನ್ ಮೆಲ್ಲಿಮೆಲ್ಲಿಯನ್ನು ಊಟಕ್ಕೆ ಕರೆದಿದ್ದರು. ಅದು ರಮಝಾನ್ ತಿಂಗಳು. ಮಧ್ಯಾಹ್ನ ಮೂರೂವರೆಗೆ ಇರುತ್ತಿದ್ದ ಊಟದ ಹೊತ್ತನ್ನು ಜೆಫರ್ಸನ್ ಆ ದಿನ ಸರಿಯಾಗಿ ಸೂರ್ಯಾಸ್ತಕ್ಕೆ ಬದಲಿಸಿದರು. ಅತಿಥಿಯ ಉಪವಾಸಕ್ಕೆ ಒಬ್ಬ ಅಧ್ಯಕ್ಷ ಕೊಟ್ಟ ಗೌರವವದು. 2012ರ ಇಫ್ತಾರ್ ಕೂಟದಲ್ಲಿ ಒಬಾಮ ಇದನ್ನೇ ನೆನಪಿಸಿಕೊಂಡರು. ಜೆಫರ್ಸನ್ 1765ರಲ್ಲೇ ಕುರ್‌ಆನಿನ ಇಂಗ್ಲಿಷ್ ಅನುವಾದವೊಂದನ್ನು ಕೊಂಡಿದ್ದರು. 2007ರ ಜನವರಿಯಲ್ಲಿ, ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಮುಸ್ಲಿಂ ಕೀತ್ ಎಲಿಸನ್ ಪ್ರಮಾಣ ಸಂದರ್ಭದಲ್ಲಿ ಕೈಯಿಟ್ಟದ್ದು ಅದೇ ಪ್ರತಿಯ ಮೇಲೆ. ಇಷ್ಟೂ ನಿಜ.

ಈಗ ಅದೇ 1805ರ ಡಿಸೆಂಬರಿನಲ್ಲಿ ಅದೇ ದೇಶದ ಮಿಸಿಸಿಪ್ಪಿ ನದಿಯ ದಂಡೆಗೆ ಬನ್ನಿ. ನ್ಯಾಚೆಝ್ ಎಂಬ ಊರಿನ ಹತ್ತಿಯ ಹೊಲಗಳಲ್ಲಿ ಅಬ್ದುಲ್ ರಹಮಾನ್ ಇಬ್ರಾಹೀಮ ಎಂಬ ಮನುಷ್ಯ ದುಡಿಯುತ್ತಿದ್ದ. ಇಂದಿನ ಗಿನಿ ದೇಶದ ಫೂತಾ ಜಲ್ಲೋನ್ ಎಂಬ ನಾಡಿನ ಅರಸುಮನೆತನದವನು. ಅರಬಿ ಓದು ಬರಹ ಬಲ್ಲವನು. 1788ರಲ್ಲಿ ಸೆರೆಸಿಕ್ಕು ಗುಲಾಮನಾಗಿ ಮಾರಾಟವಾಗಿದ್ದ. ಅವನ ಉಪವಾಸಕ್ಕಾಗಿ ಯಾರೂ ಊಟದ ಹೊತ್ತನ್ನು ಬದಲಿಸಲಿಲ್ಲ. ನಲವತ್ತು ವರ್ಷ ಗುಲಾಮಗಿರಿಯಲ್ಲಿ ಕಳೆದ ಮೇಲೆ ಅವನು ಅರಬಿಯಲ್ಲಿ ಬರೆದ ಒಂದು ಪತ್ರ ಮೊರಾಕ್ಕೊ ತಲುಪಿತು. ಅಲ್ಲಿಯ ಸುಲ್ತಾನರ ವಿಚಾರಣೆ ವಾಷಿಂಗ್ಟನ್ ನಗರದವರೆಗೆ ಬಂದು, ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಕಾಲದಲ್ಲಿ, 1828ರಲ್ಲಿ ಅವನಿಗೆ ಬಿಡುಗಡೆಯಾಯಿತು. ಮರುವರ್ಷ ಆಫ್ರಿಕದ ಲೈಬೀರಿಯ ತಲುಪಿದ. ಹುಟ್ಟಿದ ನಾಡನ್ನು ನೋಡುವ ಮೊದಲೇ, ಮಕ್ಕಳನ್ನು ಬಿಡಿಸಿಕೊಳ್ಳುವ ಮೊದಲೇ ಅಲ್ಲಿ ತೀರಿಕೊಂಡ.

ಜೆಫರ್ಸನ್ ಸ್ವತಃ ತಮ್ಮ ಜೀವಿತದಲ್ಲಿ ಆರುನೂರಕ್ಕೂ ಹೆಚ್ಚು ಗುಲಾಮರ ಒಡೆಯರಾಗಿದ್ದವರು. ಆ ಸೂರ್ಯಾಸ್ತದ ಊಟ ಸುಳ್ಳಲ್ಲ. ಆದರೆ ಅದನ್ನೊಂದನ್ನೇ ಹೇಳಿ ನಿಲ್ಲಿಸಿದರೆ ನಿಜವೂ ಅರ್ಧ ಸುಳ್ಳಾಗುತ್ತದೆ. ಆಳುವವರ ಬಗೆಗಿನ ಸ್ವಾರಸ್ಯವನ್ನು ಕೇಳಿದಾಗಲೆಲ್ಲ, 'ಆ ಹೊತ್ತಿಗೆ ಆಳಿಸಿಕೊಂಡವರು ಎಲ್ಲಿದ್ದರು?' ಎಂದೂ ಕೇಳಬೇಕು.

ಒಂದೇ ಸುಳ್ಳು ಎರಡು ಊರುಗಳಲ್ಲಿ ಎರಡು ವೇಷ ಹಾಕಬಲ್ಲದು ಎಂಬುದನ್ನು ನಾನು ಕಂಡದ್ದು 2008ರಲ್ಲಿ. ಬರಾಕ್ ಹುಸೇನ್ ಒಬಾಮ ಚುನಾವಣೆಗೆ ನಿಂತಾಗ 'ಅವನು ಗುಟ್ಟಾಗಿ ಮುಸ್ಲಿಂ' ಎಂಬ ಮಾತು ಅಮೆರಿಕದಲ್ಲಿ ಹಬ್ಬಿತು. ಅಲ್ಲಿ ಅದು ಬೈಗುಳ. ಅದೇ ಮಾತು ನಮ್ಮ ದೇವದುರ್ಗದ ಚಹಾದಂಗಡಿಯಲ್ಲಿ ಹೆಮ್ಮೆಯಾಗಿತ್ತು. "ನಮ್ಮವನೇ ಭಾಯ್, ಹೆಸರಿನಾಗ ಹುಸೇನ್ ಅದ ನೋಡ್ರಿ" ಎಂದು ಹಿರಿಯರೊಬ್ಬರು ಎಲ್ಲರಿಗೂ ಚಹಾ ಕೊಡಿಸಿದ್ದರು. ಒಬಾಮ ಕ್ರೈಸ್ತರು. ತಂದೆಯ ಕಡೆಯಿಂದ ಬಂದ ಹೆಸರೊಂದು ಮಾತ್ರ ಅವರಲ್ಲಿ ಉಳಿದಿತ್ತು. ಅಲ್ಲಿ ದ್ವೇಷದಿಂದ ಸುಳ್ಳನ್ನು ನಂಬಿದರು, ಇಲ್ಲಿ ಪ್ರೀತಿಯಿಂದ. ಕೇಳುವ ಕಷ್ಟ ಇಬ್ಬರೂ ತೆಗೆದುಕೊಳ್ಳಲಿಲ್ಲ.

ಆಗ ನನಗೆ ಮೆಚ್ಚುಗೆಯಾದದ್ದು ಕಾಲಿನ್ ಪಾವೆಲ್ ಅವರ ಮಾತು. ಒಬಾಮರ ಎದುರು ಪಕ್ಷದವರಾಗಿದ್ದೂ ಆ ವರ್ಷದ ಅಕ್ಟೋಬರಿನಲ್ಲಿ ಅವರು ಟಿವಿಯಲ್ಲಿ ಕುಳಿತು ಎರಡು ಉತ್ತರ ಕೊಟ್ಟರು. ಮೊದಲನೆಯದು, ಒಬಾಮ ಮುಸ್ಲಿಮರಲ್ಲ, ಕ್ರೈಸ್ತರು. ಎರಡನೆಯದು, ಒಂದು ವೇಳೆ ಮುಸ್ಲಿಮರೇ ಆಗಿದ್ದರೆ ತಪ್ಪೇನು ಎಂಬುದು. ಮೊದಲು ನಿಜವನ್ನು ನೇರ ಮಾಡಿ, ಆಮೇಲೆ ನ್ಯಾಯವನ್ನು ನೇರ ಮಾಡಿದರು. ಎರಡನ್ನೂ ಆ ಕ್ರಮದಲ್ಲೇ ಮಾಡಬೇಕೆಂದು ನನಗೆ ಅನಿಸುತ್ತದೆ.

ಒಳ್ಳೆಯ ಉದ್ದೇಶದ ಸುಳ್ಳಿನ ಪ್ರಶ್ನೆ ನಮ್ಮ ಪರಂಪರೆಗೆ ಹೊಸದಲ್ಲ. ಹಿಜರಿ ಎರಡನೆಯ ಶತಮಾನದಲ್ಲಿ ಮರ್ವ್ ನಗರದಲ್ಲಿ ನೂಹ್ ಇಬ್ನ್ ಅಬೀ ಮರ್ಯಮ್ ಎಂಬ ಕಾಝಿ ಇದ್ದರು. ಕುರ್‌ಆನಿನ ಒಂದೊಂದು ಅಧ್ಯಾಯವನ್ನು ಓದಿದರೆ ಸಿಗುವ ಪುಣ್ಯದ ಕುರಿತು ಅವರು ಹದೀಸ್‌ಗಳನ್ನು ಕಟ್ಟಿ ಹರಡಿದರು. ಕೇಳಿದಾಗ, ಜನ ಕಾನೂನಿನ ಚರ್ಚೆಯಲ್ಲೂ ಯುದ್ಧಗಳ ಕಥೆಯಲ್ಲೂ ಮುಳುಗಿ ಕುರ್‌ಆನಿನಿಂದ ದೂರವಾಗಿದ್ದರು, ಅವರನ್ನು ಮರಳಿ ತರಲು ಹೀಗೆ ಮಾಡಿದೆ ಎಂದರಂತೆ. ಇದಕ್ಕಿಂತ ಒಳ್ಳೆಯ ಉದ್ದೇಶ ಇನ್ನೇನಿರಬಹುದು? ಆದರೆ ಹದೀಸ್ ವಿದ್ವಾಂಸರು ಕರಗಲಿಲ್ಲ. ಅನೇಕ ವಿದ್ಯೆಗಳನ್ನು ಕೂಡಿಸಿಕೊಂಡವರೆಂದು ಅವರಿಗೆ 'ಅಲ್ ಜಾಮಿಅ್' ಎಂಬ ಬಿರುದಿತ್ತು. ಎಲ್ಲವನ್ನೂ ಕೂಡಿಸಿಕೊಂಡರು, ಸತ್ಯವೊಂದನ್ನು ಬಿಟ್ಟು, ಎಂದು ಆ ಬಿರುದನ್ನೇ ಹಿಡಿದು ಹಂಗಿಸಿದರು. ಯಾರು ಯಾರಿಂದ ಕೇಳಿದರು, ಅವರು ಯಾರಿಂದ ಕೇಳಿದರು ಎಂಬ ಸರಪಳಿಯ ಒಂದು ಕೊಂಡಿ ಸಡಿಲವಾದರೂ ಮಾತನ್ನು ಬದಿಗಿಟ್ಟ ಪರಂಪರೆ ಅದು. ಹನ್ನೆರಡನೆಯ ಶತಮಾನದಲ್ಲಿ ಇಬ್ನುಲ್ ಜೌಝಿ ಕಟ್ಟುಕಥೆಯ ಹದೀಸ್‌ಗಳನ್ನೇ ಕೂಡಿಸಿ ಒಂದು ದೊಡ್ಡ ಗ್ರಂಥ ಮಾಡಿದರು, ಜನ ಎಚ್ಚರವಾಗಿರಲಿ ಎಂದು. ಕೇಳಿದ್ದನ್ನೆಲ್ಲ ಹೇಳುತ್ತ ಹೋಗುವುದೇ ಮನುಷ್ಯ ಸುಳ್ಳುಗಾರನಾಗಲು ಸಾಕು ಎಂಬರ್ಥದ ಪ್ರವಾದಿವಚನವನ್ನು ನಾವು ಮದ್ರಸಾದಲ್ಲಿ ಬಾಯಿಪಾಠ ಮಾಡಿದ್ದೇವೆ. ಫೋನಿನಲ್ಲಿ 'ಫಾರ್ವರ್ಡ್' ಒತ್ತುವಾಗ ಅದು ನೆನಪಾಗುವುದಿಲ್ಲ.

ಮೊದಲು ಹೇಳುತ್ತೇನೆ ಎಂದದ್ದನ್ನು ಈಗ ಹೇಳಬೇಕು.

ನಮ್ಮ ಸೀಮೆಗೆ ಅಮೆರಿಕದ ಅಧ್ಯಕ್ಷರು ದೂರದವರು. ಹತ್ತಿರದ ದೊರೆ ಎಂದರೆ ಹೈದರಾಬಾದಿನ ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್. 1911ರಿಂದ 1948ರವರೆಗೆ ರಾಯಚೂರು, ದೇವದುರ್ಗ, ಮಾನ್ವಿ ಎಲ್ಲವೂ ಅವರ ಆಳ್ವಿಕೆಯಲ್ಲಿದ್ದವು. ಅವರ ಸುತ್ತಲೂ ಚೌಕಟ್ಟಿನ ಸುದ್ದಿಗಳು ಸಾಕಷ್ಟಿವೆ. 1937ರಲ್ಲಿ ಅಮೆರಿಕದ ಟೈಮ್ ಪತ್ರಿಕೆ ಜಗತ್ತಿನ ಅತಿ ಶ್ರೀಮಂತನೆಂದು ಅವರ ಚಿತ್ರವನ್ನು ಮುಖಪುಟದಲ್ಲಿ ಹಾಕಿತು. ಸುಮಾರು 185 ಕ್ಯಾರಟ್‌ನ ಜೇಕಬ್ ವಜ್ರವನ್ನು ಅವರು ಕಾಗದ ಹಾರದಂತೆ ಇಡುವ ಗುಂಡಾಗಿ ಬಳಸುತ್ತಿದ್ದರೆಂದು ಹೇಳುತ್ತಾರೆ. ಆ ವಜ್ರ ಈಗ ಭಾರತ ಸರ್ಕಾರದ ಬಳಿ ಇದೆ.

ಇವೆಲ್ಲಕ್ಕಿಂತ ನಮಗೆ ಪ್ರಿಯವಾದದ್ದು ಬಂಗಾರದ ಕಥೆ. 1965ರ ಪಾಕಿಸ್ತಾನ ಯುದ್ಧದ ಹೊತ್ತಿಗೆ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಕೇಳಿದ ಕೂಡಲೇ ನಿಜಾಮರು ಐದು ಟನ್ ಬಂಗಾರವನ್ನು ದೇಶಕ್ಕೆ ದಾನ ಮಾಡಿದರು. ಬಂಗಾರ ನಿಮಗಿರಲಿ, ಕಬ್ಬಿಣದ ಪೆಟ್ಟಿಗೆಗಳನ್ನು ಮಾತ್ರ ವಾಪಸ್ಸು ಕಳಿಸಿ ಎಂದರು. ಆ ಬಂಗಾರ ನಮ್ಮ ಹಟ್ಟಿ ಗಣಿಯದೇ ಎಂದು ಸೇರಿಸುವವರೂ ನಮ್ಮಲ್ಲಿದ್ದಾರೆ. ಕೆಲವು ವರ್ಷಗಳ ಹಿಂದೆ ರಾಯಚೂರಿನಲ್ಲಿ ನಡೆದ ಒಂದು ಸೌಹಾರ್ದ ಸಭೆಯಲ್ಲಿ ನಾನು ಈ ಕಥೆಯನ್ನು ಹೇಳಿದೆ. ಕಥೆಗಾರನಲ್ಲವೇ, ಪೆಟ್ಟಿಗೆಗಳ ಸದ್ದು ಕೇಳಿಸುವಂತೆ ಹೇಳಿದೆ. ಜೋರು ಚಪ್ಪಾಳೆ ಬಂತು. ಮುಂದಿನ ಸಾಲಿನಲ್ಲಿದ್ದ ವೃದ್ಧರೊಬ್ಬರು ಕಣ್ಣೊರೆಸಿಕೊಂಡರು. ದೇಶಪ್ರೇಮಕ್ಕೆ ದಿನವೂ ರಸೀದಿ ತೋರಿಸಬೇಕಾದ ಸಮುದಾಯಕ್ಕೆ ಐದು ಟನ್ನಿನ ರಸೀದಿ ಸಿಕ್ಕಂತಾಗಿತ್ತು. ಸಭೆ ಮುಗಿದ ಮೇಲೆ ಒಬ್ಬ ಕಾಲೇಜು ಹುಡುಗ ಬಂದು, "ಸರ್, ಇದು ಎಲ್ಲಿ ದಾಖಲಾಗಿದೆ?" ಎಂದು ವಿನಯದಿಂದ ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. "ಎಲ್ಲರಿಗೂ ಗೊತ್ತಿರೋದೇ" ಎಂದು ಸಾಗಹಾಕಿದೆ.

ಆಮೇಲೆ ಹುಡುಕಿದೆ. 2018ರಲ್ಲಿ ಮಾಹಿತಿ ಹಕ್ಕಿನಡಿ ಕೇಳಿದವರಿಗೆ, ಅಂಥ ದಾನದ ಮಾಹಿತಿ ರಾಷ್ಟ್ರೀಯ ರಕ್ಷಣಾ ನಿಧಿಯಲ್ಲಿಲ್ಲ ಎಂಬ ಉತ್ತರ ಬಂದಿತ್ತು. ನಡೆದದ್ದು ಬೇರೆ. 1965ರಲ್ಲಿ ಸರ್ಕಾರ ತಂದ ಚಿನ್ನದ ಬಾಂಡ್ ಯೋಜನೆಯಲ್ಲಿ ನಿಜಾಮರು 4.25 ಲಕ್ಷ ಗ್ರಾಂ, ಅಂದರೆ 425 ಕಿಲೋ ಬಂಗಾರವನ್ನು ತೊಡಗಿಸಿದ್ದರು. ಅದು ದಾನವಲ್ಲ, ಬಡ್ಡಿ ಬರುವ ಹೂಡಿಕೆ. ಆಗಿನ ಕಷ್ಟಕಾಲದಲ್ಲಿ ಅದೂ ಸಣ್ಣ ಸಹಾಯವಲ್ಲ. ಆದರೆ ನಾನು ಹೇಳಿದ ಕಥೆ ಅದಲ್ಲ.

ಈ ಸುಳ್ಳನ್ನು ಬಿಡುವುದು ನನಗೆ ಲಿಂಕನ್ನರ ಪತ್ರವನ್ನು ಬಿಟ್ಟಷ್ಟು ಸುಲಭವಾಗಲಿಲ್ಲ. ನಮ್ಮ ಮೇಲೆ ಇಷ್ಟೊಂದು ಸುಳ್ಳುಗಳನ್ನು ಹೊರಿಸಿರುವಾಗ ನಮಗೆ ಅನುಕೂಲವಾದ ಒಂದು ಸುಳ್ಳು ಇದ್ದರೇನಾಯಿತು ಎಂದು ಮನಸ್ಸು ವಾದಿಸಿತು. 2020ರ ಏಪ್ರಿಲ್ ನೆನಪಾಯಿತು. ಮುಸ್ಲಿಂ ವ್ಯಾಪಾರಿಗಳು ಹಣ್ಣು ತರಕಾರಿಗೆ ಉಗುಳಿ ಕೊರೊನಾ ಹರಡುತ್ತಿದ್ದಾರೆಂದು ಎಲ್ಲಿಯದೋ ಹಳೆಯ ವಿಡಿಯೊಗಳನ್ನು ಊರೂರಿಗೆ ಹರಡಿದ್ದರು. ಗಾಡಿ ತಳ್ಳಿ ಬದುಕುವ ನಮ್ಮ ಹುಡುಗರು ಬೀದಿಗೆ ಇಳಿಯಲು ಹೆದರಿದ್ದರು. ಆಗ ನಾವೆಲ್ಲ ಕೇಳಿದ ಪ್ರಶ್ನೆ ಒಂದೇ: ಸಾಕ್ಷಿ ಎಲ್ಲಿದೆ? ಯಾರು ನೋಡಿದರು? ಅವರಿಗೆ ಯಾರು ಹೇಳಿದರು? ಸಭೆಯಲ್ಲಿ ಆ ಹುಡುಗ ನನ್ನನ್ನು ಕೇಳಿದ್ದೂ ಇದನ್ನೇ. ನನಗೆ ಹಿತವಾದ ಕಥೆಗೆ ಈ ಪ್ರಶ್ನೆಯನ್ನು ಹಾಕದವನು, ನನ್ನನ್ನು ನೋಯಿಸುವ ಕಥೆಗೆ ಯಾವ ಮುಖದಿಂದ ಹಾಕಲಿ? ನಮ್ಮ ಮೇಲಿನ ಅಪವಾದವನ್ನು ತಡೆಯಲು ನಮಗಿರುವುದು ಈ ಒಂದು ಪ್ರಶ್ನೆ. ಚಪ್ಪಾಳೆಗಾಗಿ ನಾನು ಅದನ್ನೇ ಮೊಂಡು ಮಾಡಿದ್ದೆ.

ಇನ್ನೂ ನಾಚಿಕೆಯ ಸಂಗತಿಯೆಂದರೆ, ಹೇಳಲು ನಿಜಗಳಿದ್ದವು. ಪುಣೆಯ ಭಂಡಾರಕರ್ ಸಂಶೋಧನ ಸಂಸ್ಥೆ ಮಹಾಭಾರತದ ಪರಿಷ್ಕೃತ ಆವೃತ್ತಿಯನ್ನು ತರುತ್ತಿದ್ದಾಗ ನಿಜಾಮರು ಅದಕ್ಕೆ ಧನಸಹಾಯ ಮಾಡಿದ್ದರು. ಅಲ್ಲಿಯ ಅತಿಥಿಗೃಹಕ್ಕೆ ಇಂದಿಗೂ ಅವರ ಹೆಸರಿದೆ. ಅಜಂತಾದ ಬೌದ್ಧ ಚಿತ್ರಗಳನ್ನು ಉಳಿಸಲು 1920ರ ಸುಮಾರಿಗೆ ಇಟಲಿಯಿಂದ ಪರಿಣತರನ್ನು ಕರೆಸಿದ್ದರು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿ, ಇಂಗ್ಲಿಷ್ ಬಿಟ್ಟು ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಡಬಹುದೆಂದು ತೋರಿಸಿದರು. ಜೆಫರ್ಸನ್ನರ ಊಟದಂತೆ ಇವೂ ಅರ್ಧವೇ. ಅದೇ ಆಳ್ವಿಕೆಯಲ್ಲಿ ಕನ್ನಡ ಶಾಲೆಗಳಿಗೆ ಜನ ಹಂಬಲಿಸಬೇಕಾಗಿತ್ತು. ಕೊನೆಯ ವರ್ಷದಲ್ಲಿ ರಜಾಕಾರರ ಹಾವಳಿ ನಡೆಯಿತು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಸಾವಿರಾರು ನಿರಪರಾಧಿ ಮುಸ್ಲಿಮರ ಕೊಲೆಯಾಯಿತು. ಇವನ್ನೆಲ್ಲ ಒಟ್ಟಿಗೆ ಹೇಳಿದರೆ ಚಪ್ಪಾಳೆ ಬರುವುದಿಲ್ಲ. ಆದರೆ ಸಭಿಕರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳಬಹುದು. ಸೌಹಾರ್ದಕ್ಕೆ ಅದೇ ಹೆಚ್ಚು ಬೇಕಾದದ್ದು ಎಂದು ಈಗ ಅನಿಸುತ್ತದೆ.

ಬಂಗಾರದ ಕಥೆಯನ್ನೂ ಮಾಸ್ತರ ಕಟ್ಟೆಯ ಮೇಲೆಯೇ ಹೇಳಿ ಒಪ್ಪಿಕೊಂಡೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಕೈ ತೊಳೆದುಕೊಂಡು, "ನಿನ್ನ ಬಂಗಾರದ ಕಥಿ ಪೂರಾ ಹೋತು ತಮ್ಮಾ, ಅದರಾಗ ಉಳಿಯೋದು ಏನೂ ಇಲ್ಲ. ಗ್ವಾಡಿ ಮ್ಯಾಲಿಂದು ಹಂಗಲ್ಲ. ಹೆಸರು ಅಳಿಸಿದ್ರೂ ಮಾತು ಉಳೀತಾವ" ಎಂದರು.

ನಾನು ದಿನಗಟ್ಟಲೆ ತಡಕಾಡಿದ ವ್ಯತ್ಯಾಸವನ್ನು ಅವರು ಕೈ ಒರೆಸಿಕೊಳ್ಳುತ್ತ ಹೇಳಿಬಿಟ್ಟರು. ಸಹಿ ತೆಗೆದ ಮೇಲೂ ನಿಲ್ಲುವ ಮಾತು ಯಾರದಾದರೂ ನಮ್ಮದೇ. ಸಹಿ ತೆಗೆದೊಡನೆ ಬಿದ್ದುಹೋಗುವ ಮಾತನ್ನು ಬೀಳಲು ಬಿಡಬೇಕು.

ಸೆಪ್ಟೆಂಬರ್ 5ರಂದು ಮಗಳು ಆ ಪತ್ರವನ್ನು ಓದಿದಳು. ಓದುವ ಮೊದಲು, ಇದು ಲಿಂಕನ್ ಬರೆದದ್ದೆಂದು ಹೇಳುತ್ತಾರೆ, ಆದರೆ ಅವರು ಬರೆದದ್ದಲ್ಲ, ಯಾರು ಬರೆದರೋ ತಿಳಿಯದು, ನನಗೆ ಇಷ್ಟವಾಗಿದೆ, ಅದಕ್ಕೆ ಓದುತ್ತೇನೆ ಎಂದಳು. ಆಮೇಲೆ ಲಿಂಕನ್ ನಿಜವಾಗಿ ಬರೆದ ಪತ್ರವೊಂದರ ವಿಷಯ ಹೇಳಿದಳು. 1860ರಲ್ಲಿ ಗ್ರೇಸ್ ಬೆಡೆಲ್ ಎಂಬ ಹನ್ನೊಂದು ವರ್ಷದ ಹುಡುಗಿ, ನಿಮ್ಮ ಮುಖ ಬಹಳ ಸೊರಗಿದೆ, ಗಡ್ಡ ಬಿಟ್ಟರೆ ಚೆನ್ನಾಗಿ ಕಾಣುತ್ತೀರಿ ಎಂದು ಚುನಾವಣೆಗೆ ನಿಂತಿದ್ದ ಲಿಂಕನ್ನರಿಗೆ ಬರೆದಿದ್ದಳು. ಅವರು ಕೆಲವೇ ದಿನಗಳಲ್ಲಿ ಉತ್ತರ ಬರೆದರು. ಗೆದ್ದ ಮೇಲೆ, 1861ರ ಫೆಬ್ರವರಿಯಲ್ಲಿ, ರಾಜಧಾನಿಗೆ ಹೋಗುವ ದಾರಿಯಲ್ಲಿ ಅವಳ ಊರಿನ ನಿಲ್ದಾಣದಲ್ಲಿ ರೈಲು ನಿಂತಾಗ ಅವಳನ್ನು ಕರೆದು ಮಾತಾಡಿಸಿದರು. ಅವರ ಮುಖದ ಮೇಲೆ ಗಡ್ಡವಿತ್ತು. ಮಕ್ಕಳೆಲ್ಲ ನಕ್ಕರು. ಒಬ್ಬ ಸಣ್ಣ ಹುಡುಗಿ ದೊಡ್ಡವರನ್ನು ತಿದ್ದಿದ ಕಥೆ ಅವರಿಗೆ ಮೊದಲಿನದಕ್ಕಿಂತ ಹೆಚ್ಚು ಹಿಡಿಸಿದಂತೆ ಕಂಡಿತು.

ಗೋಡೆಯ ಮೇಲಿನ ಹೆಸರಿಗೆ ಈಗ ಸುಣ್ಣ ಬಳಿದಿದ್ದಾರೆ. ಬಿಸಿಲು ಬಿದ್ದಾಗ ಸುಣ್ಣದ ಹಿಂದಿನ ನೀಲಿ ಅಕ್ಷರಗಳು ಇನ್ನೂ ಮಸುಕಾಗಿ ಕಾಣುತ್ತವೆ.

ನನ್ನ ಮಟ್ಟಿಗೆ ಒಂದು ಕೆಲಸ ಉಳಿದಿದೆ. ರಾಯಚೂರಿನ ಆ ಸಭೆಯಲ್ಲಿದ್ದವರೆಲ್ಲರನ್ನೂ ನಾನು ಮತ್ತೆ ಒಟ್ಟುಗೂಡಿಸಲಾರೆ. ಕಣ್ಣೊರೆಸಿಕೊಂಡ ಆ ಹಿರಿಯರು ಎಲ್ಲಿಯವರೆಂದೂ ನನಗೆ ತಿಳಿಯದು. ಅವರಲ್ಲಿ ಯಾರಾದರೂ ಈ ಪತ್ರಿಕೆಯನ್ನು ಓದುತ್ತಿದ್ದರೆ, ಅಂದು ನಾನು ಹೇಳಿದ ಬಂಗಾರದ ಕಥೆ ನಿಜವಲ್ಲ. ಪ್ರಶ್ನೆ ಕೇಳಿದ ಆ ಹುಡುಗ ಓದುತ್ತಿದ್ದರೆ, ನಿನ್ನ ಪ್ರಶ್ನೆಗೆ ತಡವಾಗಿ ಬಂದ ಉತ್ತರವಿದು, ಮಗಾ.